ಒಂದು ಲಗ್ನಪತ್ರಿಕೆಯ ಹಿಂದೆ ನಾಲ್ಕು ದೇಶ: ಫುಟ್‌ಬಾಲ್ ಗೊತ್ತಿಲ್ಲದವರಿಗೂ ವಿಶ್ವಕಪ್ ಯಾಕೆ ಹಿಡಿಸುತ್ತದೆ

2022ರ ಡಿಸೆಂಬರ್ 1ರ ರಾತ್ರಿ, ಗಂಟೆ ಹನ್ನೆರಡೂವರೆ. ನಮ್ಮ ಮನೆಯ ಟಿವಿಯಲ್ಲಿ ಕತಾರ್ ವಿಶ್ವಕಪ್‌ನ ಜಪಾನ್–ಸ್ಪೇನ್ ಪಂದ್ಯ. ಕೈಯಲ್ಲಿದ್ದ ಮೊಬೈಲ್‌ನಲ್ಲಿ ಜರ್ಮನಿ–ಕೋಸ್ಟರಿಕಾ ಪಂದ್ಯ. ಪಕ್ಕದಲ್ಲಿ ಚಿಕ್ಕಮ್ಮ. ಮದುವೆಗೆಂದು ಊರಿನಿಂದ ಬಂದಿದ್ದರು, ನಿದ್ದೆ ಹತ್ತಲಿಲ್ಲ ಅಂತ ಎದ್ದು ಬಂದು ಕೂತಿದ್ದರು. ಫುಟ್‌ಬಾಲ್ ಪಂದ್ಯವನ್ನು ಅವರು ಒಂದು ದಿನವೂ ಪೂರ್ತಿ ನೋಡಿದವರಲ್ಲ.

"ಇದರಲ್ಲಿ ನಮ್ಮೋರು ಯಾರು?" ಅಂತ ಕೇಳಿದರು.

"ನಮ್ಮೋರು ಯಾರೂ ಇಲ್ಲ ಚಿಕ್ಕಮ್ಮ."

"ಮತ್ತೆ ಯಾಕೆ ನಿದ್ದೆ ಕೆಟ್ಟು ನೋಡ್ತಿದ್ದೀಯ?"

ಸರಿಯಾದ ಪ್ರಶ್ನೆ. ವರ್ಷವಿಡೀ ಫುಟ್‌ಬಾಲ್ ನೋಡದ, ಆಟಗಾರರ ಹೆಸರು ನೆಟ್ಟಗೆ ಗೊತ್ತಿಲ್ಲದ, ತನ್ನ ದೇಶದ ತಂಡವೂ ಅಲ್ಲಿ ಇಲ್ಲದ ಒಬ್ಬರು ದೇಶ–ದೇಶಗಳ ಪಂದ್ಯ ನೋಡುತ್ತಾ ಮೈಮರೆಯುವುದು ಹೇಗೆ? ಆಗ ನಾನು ಬಾಯಲ್ಲಿ ಉತ್ತರ ಹೇಳಲಿಲ್ಲ. ಎರಡು ಗಂಟೆ ಕಳೆಯುವಷ್ಟರಲ್ಲಿ ಚಿಕ್ಕಮ್ಮ ಟೀಪಾಯಿ ಮೇಲಿದ್ದ ಲಗ್ನಪತ್ರಿಕೆಯೊಂದನ್ನು ತಿರುಗಿಸಿ, ಅದರ ಹಿಂದೆ ನಾಲ್ಕು ದೇಶಗಳ ಹೆಸರು ಬರೆದು, ಅಂಕ ಹೊಡೆದು ಹಾಕಿ ತಿದ್ದುತ್ತಾ ಕೂತಿದ್ದರು. ಆಟದ ನಿಯಮ ಅವರಿಗೆ ಅರ್ಧ ಮಾತ್ರ ಗೊತ್ತಾಗಿತ್ತು. ಆದರೆ ಯಾವ ಗೋಲು ಬಿದ್ದರೆ ಯಾರ ಗತಿ ಏನು ಅನ್ನುವುದು ಪೂರ್ತಿ ಗೊತ್ತಾಗಿತ್ತು. ಈ ಆಟದ ಸೆಳೆತ ಇರುವುದು ಅಲ್ಲೇ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಅಂಕಪಟ್ಟಿ. ವಿಶ್ವಕಪ್‌ನಲ್ಲಿ ನಾಲ್ಕು ನಾಲ್ಕು ತಂಡಗಳ ಗುಂಪು ಮಾಡುತ್ತಾರೆ. ಪ್ರತಿ ತಂಡ ತನ್ನ ಗುಂಪಿನ ಉಳಿದ ಮೂರು ತಂಡಗಳ ಜೊತೆ ಒಂದೊಂದು ಸಲ ಆಡುತ್ತದೆ. ಗೆದ್ದರೆ 3 ಅಂಕ, ಡ್ರಾ ಆದರೆ 1, ಸೋತರೆ ಏನೂ ಇಲ್ಲ. ಕತಾರ್‌ನಲ್ಲಿ 32 ತಂಡಗಳಿದ್ದವು, ಪ್ರತಿ ಗುಂಪಿನಿಂದ ಮೇಲಿನ ಎರಡು ಮಾತ್ರ ಮುಂದಕ್ಕೆ. ಅಲ್ಲಿ ಅಂಕ ಸಮವಾದರೆ ಮೊದಲು ಗೋಲು ವ್ಯತ್ಯಾಸ ನೋಡುತ್ತಿದ್ದರು, ಅಂದರೆ ಹೊಡೆದ ಗೋಲಿನಲ್ಲಿ ತಿಂದ ಗೋಲು ಕಳೆದರೆ ಉಳಿಯುವುದು ಎಷ್ಟು ಅಂತ. ಐಪಿಎಲ್‌ನ ರನ್‌ರೇಟ್ ಲೆಕ್ಕ ಹಾಕಿ ಪಳಗಿದವರಿಗೆ ಇದು ಕಷ್ಟವೇ ಅಲ್ಲ. 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ 218 ರನ್ ಹೊಡೆದ ಆರ್‌ಸಿಬಿ ಚೆನ್ನೈಯನ್ನು ಸುಮ್ನೆ ಸೋಲಿಸಿದರೆ ಸಾಲದು, ಕನಿಷ್ಠ 18 ರನ್‌ಗಳಿಂದ ಸೋಲಿಸಬೇಕಿತ್ತು. ಅವತ್ತು ಮನೆಮನೆಯಲ್ಲೂ ಲೆಕ್ಕ ನಡೆದಿತ್ತಲ್ವಾ, ಹಾಗೆಯೇ ಇದು.

ಮೂರೇ ಪಂದ್ಯ ಅನ್ನುವುದನ್ನು ಗಮನಿಸಿ. ಹದಿನಾಲ್ಕು ಪಂದ್ಯಗಳ ಲೀಗ್‌ನಲ್ಲಿ ಒಂದು ಸೋಲು ಮರೆತುಹೋಗುತ್ತದೆ. ಮೂರರಲ್ಲಿ ಒಂದು ಸೋತರೆ ಕುತ್ತಿಗೆಗೆ ಬರುತ್ತದೆ. ಹೊಸಬರು ನಡುವೆ ಬಂದು ಕೂತರೂ ಕಥೆ ಹಿಡಿಯುವುದಕ್ಕೆ ಐದು ನಿಮಿಷ ಸಾಕು, ಯಾಕಂದರೆ ಹಿಂದಿನ ಕಥೆ ಎರಡೇ ಪಂದ್ಯದ್ದು.

ಅವತ್ತಿನ ರಾತ್ರಿಗೆ ಬರೋಣ. ಆ ಗುಂಪಿನಲ್ಲಿ ಸ್ಪೇನ್, ಜರ್ಮನಿ, ಜಪಾನ್, ಕೋಸ್ಟರಿಕಾ. ಸ್ಪೇನ್ 2010ರ ಚಾಂಪಿಯನ್, ಜರ್ಮನಿ 2014ರ ಚಾಂಪಿಯನ್. ಎರಡೂ ಸಲೀಸಾಗಿ ಮುಂದೆ ಹೋಗುತ್ತವೆ ಅಂತ ಎಲ್ಲರೂ ಅಂದುಕೊಂಡಿದ್ದರು. ಆದರೆ ಮೊದಲ ಪಂದ್ಯದಲ್ಲೇ ಜಪಾನ್ ಜರ್ಮನಿಯನ್ನು 2-1ರಿಂದ ಸೋಲಿಸಿತು. ಅದೇ ಜಪಾನ್ ಮುಂದಿನ ಪಂದ್ಯದಲ್ಲಿ ಕೋಸ್ಟರಿಕಾ ಕೈಲಿ 0-1ರಿಂದ ಸೋತಿತು. ಆ ಕೋಸ್ಟರಿಕಾ ತನ್ನ ಮೊದಲ ಪಂದ್ಯದಲ್ಲಿ ಸ್ಪೇನ್ ಎದುರು 0-7ರಿಂದ ನೆಲ ಕಚ್ಚಿದ್ದ ತಂಡ! ಕೊನೆಯ ಪಂದ್ಯಗಳಿಗೆ ಮುಂಚೆ ಸ್ಪೇನ್ 4, ಜಪಾನ್ 3, ಕೋಸ್ಟರಿಕಾ 3, ಜರ್ಮನಿ 1. ನಾಲ್ಕೂ ತಂಡಗಳಿಗೆ ದಾರಿ ಇತ್ತು, ನಾಲ್ಕಕ್ಕೂ ಭಯವೂ ಇತ್ತು.

ಹತ್ತನೇ ನಿಮಿಷಕ್ಕೆ ಜರ್ಮನಿ ಗೋಲು. ಹನ್ನೊಂದನೇ ನಿಮಿಷಕ್ಕೆ ಸ್ಪೇನ್ ಗೋಲು. ವಿರಾಮದ ಹೊತ್ತಿಗೆ ಎಲ್ಲ ನಿರೀಕ್ಷೆಯಂತೆಯೇ ಇತ್ತು: ಸ್ಪೇನ್, ಜರ್ಮನಿ ಒಳಗೆ, ಉಳಿದಿಬ್ಬರು ಹೊರಗೆ. ಚಿಕ್ಕಮ್ಮ ಪೆನ್ನು ಕೆಳಗಿಟ್ಟರು.

ವಿರಾಮದಲ್ಲಿ ಜಪಾನ್ ಕೋಚ್ ಇಬ್ಬರನ್ನು ಹೊಸದಾಗಿ ಇಳಿಸಿದರು. ರಿತ್ಸು ದೋವಾನ್ ಮತ್ತು ಕಾವೊರು ಮಿತೊಮಾ. 48ನೇ ನಿಮಿಷಕ್ಕೆ ದೋವಾನ್ ದೂರದಿಂದ ಎಡಗಾಲಲ್ಲಿ ಬಾರಿಸಿದ ಚೆಂಡು ಬಲೆಗೆ. 1-1. ಮೂರು ನಿಮಿಷ ಆಗಿರಲಿಲ್ಲ, ದೋವಾನ್ ಅಡ್ಡಕ್ಕೆ ತಳ್ಳಿದ ಚೆಂಡು ಗೋಲಿನ ಎದುರಿನಿಂದ ಹಾದು ಆಚೆ ಅಂಚಿನ ಗೆರೆ ದಾಟುತ್ತಿತ್ತು. ಮಿತೊಮಾ ಜಾರುತ್ತಾ ಬಂದು ಕಾಲು ಚಾಚಿ ಅದನ್ನು ಒಳಕ್ಕೆ ಎಳೆದರು. ಎದುರಿಗೆ ಓಡಿ ಬಂದ ಆವೊ ತನಾಕಾ ಅದನ್ನು ತೊಡೆ–ಮಂಡಿಯಲ್ಲೇ ದಬ್ಬಿ ಗೋಲಾಗಿಸಿದರು. ಮಿತೊಮಾ, ತನಾಕಾ ಇಬ್ಬರೂ ಕವಾಸಾಕಿ ಊರಿನ ಒಂದೇ ಬಾಲಕರ ಕ್ಲಬ್‌ನಲ್ಲಿ ಆಡಿ ಬೆಳೆದವರು.

ಆದರೆ ಚೆಂಡು ಆಗಲೇ ಹೊರಗೆ ಹೋಗಿತ್ತಲ್ಲವಾ? ಟಿವಿಯಲ್ಲಿ ನೋಡಿದವರಿಗೆಲ್ಲ ಹಾಗೇ ಕಂಡಿತು. ಸಹಾಯಕ ರೆಫರಿಯೂ ಬಾವುಟ ಎತ್ತಿದರು. ವಿಡಿಯೊ ಪರಿಶೀಲನೆ ಶುರುವಾಯಿತು. ಫುಟ್‌ಬಾಲ್‌ನ ನಿಯಮ ಇಷ್ಟು: ಇಡೀ ಚೆಂಡು ಇಡೀ ಗೆರೆಯನ್ನು ದಾಟಿದರೆ ಮಾತ್ರ ಹೊರಗೆ. ನೆಲಕ್ಕೆ ತಾಗಿದ ಜಾಗ ಲೆಕ್ಕಕ್ಕಿಲ್ಲ. ಹೊಸ್ತಿಲಿಗೆ ಒತ್ತಿ ಆಚೆ ಕಡೆ ಬಿಂದಿಗೆ ಇಟ್ಟರೆ ತಳ ಆಚೆ ಇದ್ದರೂ ಹೊಟ್ಟೆ ಹೊಸ್ತಿಲ ಮೇಲಕ್ಕೆ ಬಾಗಿರುತ್ತದೆ ನೋಡಿ, ಅವತ್ತು ಚೆಂಡು ಇದ್ದದ್ದು ಹಾಗೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಚೆಂಡಿನ ಉಬ್ಬು ಗೆರೆಯ ಮೇಲೆ ಎರಡು ಮಿಲಿಮೀಟರ್‌ನಷ್ಟೂ ಇರಲಿಲ್ಲ ಅಂತ ಆಮೇಲೆ ವರದಿಯಾಯಿತು. ಗೋಲು ಸರಿ ಅಂದರು. ಜಪಾನ್ 2, ಸ್ಪೇನ್ 1.

ಚಿಕ್ಕಮ್ಮ ಪೆನ್ನು ಮತ್ತೆ ಎತ್ತಿಕೊಂಡರು. "ಹಂಗಾದ್ರೆ ಈಗ ಯಾರು ಹೊರಗೆ?"

ಜಪಾನ್ 6 ಅಂಕಕ್ಕೆ ಏರಿತ್ತು. ಸ್ಪೇನ್ 4, ಜರ್ಮನಿಯೂ 4. ಏಳು ಗೋಲಿನ ಗೆಲುವು ಬೆನ್ನಿಗಿದ್ದದ್ದರಿಂದ ಸ್ಪೇನ್ ಎರಡನೇ ಜಾಗದಲ್ಲಿ ಉಳಿದಿತ್ತು. ಜರ್ಮನಿ ತನ್ನ ಪಂದ್ಯದಲ್ಲಿ ಮುಂದಿದ್ದರೂ ಹೊರಗೆ! ಅಷ್ಟರಲ್ಲಿ ಮೊಬೈಲ್‌ನಿಂದ ಕೂಗು. 58ನೇ ನಿಮಿಷಕ್ಕೆ ಕೋಸ್ಟರಿಕಾ 1-1 ಮಾಡಿತು. 70ನೇ ನಿಮಿಷಕ್ಕೆ ಇನ್ನೊಂದು, 2-1. ಈಗ ಪಟ್ಟಿ ಹೀಗಿತ್ತು: ಜಪಾನ್ 6, ಕೋಸ್ಟರಿಕಾ 6, ಸ್ಪೇನ್ 4, ಜರ್ಮನಿ 1. ಎರಡು ಮಾಜಿ ಚಾಂಪಿಯನ್‌ಗಳೂ ಒಟ್ಟಿಗೆ ಮನೆಗೆ. ಏಳು ಗೋಲು ತಿಂದಿದ್ದ ಕೋಸ್ಟರಿಕಾ ಒಳಗೆ. ಮೂರು ನಿಮಿಷ ಹಾಗೇ ಇತ್ತು. ಆ ಮೂರು ನಿಮಿಷ ನಾವಿಬ್ಬರೂ ಮಾತಾಡಲಿಲ್ಲ.

73ನೇ ನಿಮಿಷಕ್ಕೆ ಜರ್ಮನಿ ಸಮ ಮಾಡಿತು, ಕೊನೆಗೆ 4-2ರಿಂದ ಗೆದ್ದಿತು. ಗೆದ್ದರೂ ಉಳಿಯಲಿಲ್ಲ. ಇನ್ನೊಂದು ಮೈದಾನದಲ್ಲಿ ಸ್ಪೇನ್ ಒಂದು ಗೋಲು ಹೊಡೆದು ಡ್ರಾ ಮಾಡಿಕೊಂಡಿದ್ದರೆ ಜರ್ಮನಿ ಉಳಿಯುತ್ತಿತ್ತು, ಜಪಾನ್ ಹೋಗುತ್ತಿತ್ತು. ಸ್ಪೇನ್ ಆ ಗೋಲು ಹೊಡೆಯಲಿಲ್ಲ. ತಮ್ಮ ಹಣೆಬರಹ ಬೇರೆಯವರ ಕಾಲಲ್ಲಿ ಇದೆ ಅಂತ ಗೊತ್ತಿದ್ದೂ ಜರ್ಮನಿಯವರು ಕೊನೆಯ ನಿಮಿಷದವರೆಗೆ ಓಡಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಎರಡು ಪಂದ್ಯಗಳನ್ನು ಒಂದೇ ಹೊತ್ತಿಗೆ ಯಾಕೆ ಆಡಿಸುತ್ತಾರೆ ಅಂತ ಚಿಕ್ಕಮ್ಮ ನಡುವೆ ಕೇಳಿದ್ದರು. ಅದರ ಹಿಂದೆ ಒಂದು ಕಹಿ ಕಥೆ ಇದೆ. 1982ರ ವಿಶ್ವಕಪ್ ಸ್ಪೇನ್‌ನಲ್ಲಿ ನಡೆಯಿತು. ಮೊದಲ ಸಲ ಬಂದಿದ್ದ ಅಲ್ಜೀರಿಯ ಬಲಿಷ್ಠ ಪಶ್ಚಿಮ ಜರ್ಮನಿಯನ್ನು 2-1ರಿಂದ ಸೋಲಿಸಿತ್ತು. ತನ್ನ ಮೂರೂ ಪಂದ್ಯ ಮುಗಿಸಿ ಕಾಯುತ್ತಿತ್ತು. ಮರುದಿನ, ಜೂನ್ 25ರಂದು, ಹಿಹೋನ್ ಊರಿನಲ್ಲಿ ಪಶ್ಚಿಮ ಜರ್ಮನಿ–ಆಸ್ಟ್ರಿಯ ಪಂದ್ಯ. ಜರ್ಮನಿ ಒಂದೋ ಎರಡೋ ಗೋಲಿನಿಂದ ಗೆದ್ದರೆ ಎರಡೂ ತಂಡ ಮುಂದೆ, ಅಲ್ಜೀರಿಯ ಹೊರಗೆ ಅನ್ನುವ ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಜರ್ಮನಿ ಆರಂಭದಲ್ಲೇ ಒಂದು ಗೋಲು ಹೊಡೆಯಿತು. ಆಮೇಲೆ ಎರಡೂ ತಂಡ ಚೆಂಡನ್ನು ತಮ್ಮತಮ್ಮಲ್ಲೇ ತಳ್ಳಾಡುತ್ತಾ ಹೊತ್ತು ಕಳೆದವು. ನೋಡಲು ಬಂದಿದ್ದ ಅಲ್ಜೀರಿಯದವರು ನೋಟುಗಳನ್ನು ಎತ್ತಿ ಆಡಿಸಿ ಸಿಟ್ಟು ತೋರಿಸಿದರು. ನಿಯಮ ಯಾವುದೂ ಮುರಿದಿರಲಿಲ್ಲ, ಹಾಗಾಗಿ ಫಲಿತಾಂಶ ಬದಲಾಗಲಿಲ್ಲ. ಆದರೆ 1986ರಿಂದ ಗುಂಪಿನ ಕೊನೆಯ ಎರಡು ಪಂದ್ಯಗಳನ್ನು ಒಂದೇ ಗಳಿಗೆಗೆ ಶುರು ಮಾಡುವುದು ರೂಢಿಗೆ ಬಂತು. ಅಲ್ಜೀರಿಯಕ್ಕೆ ನ್ಯಾಯ ಸಿಗಲಿಲ್ಲ. ನಾಲ್ಕು ದಶಕದ ಮೇಲೆ ನಾವು ಎರಡು ಪರದೆ ಇಟ್ಟುಕೊಂಡು ನೋಡಿದ ರಾತ್ರಿ ಮಾತ್ರ ಅವರ ನೋವಿನಿಂದ ಹುಟ್ಟಿದ್ದು.

ಇನ್ನು ಗೋಲುಗಳ ವಿಷಯ. ಫುಟ್‌ಬಾಲ್ ನೋಡದವರು ಮೊದಲು ಹೇಳುವುದೇ ಇದು: "ಒಂದೂವರೆ ಗಂಟೆ ಓಡಾಡ್ತಾರೆ, ಒಂದು ಗೋಲೂ ಇಲ್ಲ." ನಿಜ. 2022ರಲ್ಲಿ 64 ಪಂದ್ಯಗಳಲ್ಲಿ ಬಿದ್ದದ್ದು 172 ಗೋಲು, ಪಂದ್ಯಕ್ಕೆ ಮೂರೂ ಇಲ್ಲ. ಕಬಡ್ಡಿಯಲ್ಲಿ ಒಂದು ತಂಡವೇ ಮೂವತ್ತು ಅಂಕ ದಾಟುತ್ತದೆ. ಆದರೆ ಗೋಲು ಕಡಿಮೆ ಇರುವುದೇ ಈ ಆಟದ ಜೀವ ಅಂತ ನನ್ನ ನಂಬಿಕೆ, ಅದಕ್ಕೆ ಕಾರಣವೂ ಇದೆ.

ಅಂಕ ಜಾಸ್ತಿ ಬೀಳುವ ಆಟದಲ್ಲಿ ಬಲಿಷ್ಠರು ಕೊನೆಗೆ ಮೇಲೆ ಬಂದೇ ಬರುತ್ತಾರೆ. ಒಂದೆರಡು ತಪ್ಪು ಆದರೂ ಉಳಿದ ಇಪ್ಪತ್ತು ಅಂಕಗಳಲ್ಲಿ ಅದು ಮುಚ್ಚಿಹೋಗುತ್ತದೆ. ಎರಡು ಮೂರು ಗೋಲಿನ ಆಟದಲ್ಲಿ ಮುಚ್ಚಿಕೊಳ್ಳುವುದಕ್ಕೆ ಜಾಗವೇ ಇಲ್ಲ. ಒಂದು ಜಾರು, ಒಂದು ಒಳ್ಳೆಯ ಹೊಡೆತ, ಗೋಲ್‌ಕೀಪರ್‌ನ ಒಂದು ಒಳ್ಳೆಯ ದಿನ ಇಷ್ಟಿದ್ದರೆ ಸಾಕು, ಚಿಕ್ಕ ತಂಡ ದೊಡ್ಡದನ್ನು ಕೆಡವುತ್ತದೆ. ಜಪಾನ್ ಸ್ಪೇನ್ ಅನ್ನು ಸೋಲಿಸಿದಾಗ ಚೆಂಡು ಅವರ ಬಳಿ ಇದ್ದದ್ದು ಆಟದ ಶೇ. 18ರಷ್ಟು ಹೊತ್ತು ಕೂಡ ಅಲ್ಲ.

ಇದಕ್ಕಿಂತ ಚೆನ್ನಾದ ಉದಾಹರಣೆ 2023ರ ಮಹಿಳಾ ವಿಶ್ವಕಪ್‌ನ ಜಮೈಕಾ. ಸಿದ್ಧತೆಗೆ ದುಡ್ಡಿಲ್ಲದೆ, ಒಬ್ಬ ಆಟಗಾರ್ತಿಯ ತಾಯಿ ಜನರಿಂದ ಚಂದಾ ಎತ್ತಿದ ತಂಡ ಅದು. ಫ್ರಾನ್ಸ್ ಜೊತೆ 0-0. ಪನಾಮ ವಿರುದ್ಧ 1-0. ಬ್ರೆಜಿಲ್ ಜೊತೆ 0-0. ಗುಂಪು ಹಂತದಲ್ಲಿ ಹೊಡೆದದ್ದು ಒಂದೇ ಗೋಲು, ತಿಂದದ್ದು ಸೊನ್ನೆ. ಆ ಒಂದು ಗೋಲಿನಿಂದ ಜಮೈಕಾ ಮುಂದೆ ಹೋಯಿತು, ಬ್ರೆಜಿಲ್ ಮನೆಗೆ ಹೋಯಿತು. ಇದೇ ನನ್ನ ಕೊನೆಯ ವಿಶ್ವಕಪ್ ಅಂತ ಹೇಳಿ ಬಂದಿದ್ದ ಬ್ರೆಜಿಲ್‌ನ ದಂತಕಥೆ ಮಾರ್ತಾ ಕೂಡ ಮನೆಗೆ ಹೋದರು. ಎರಡು 0-0 ಪಂದ್ಯಗಳನ್ನು ಸಪ್ಪೆ ಅನ್ನುವವರು ಜಮೈಕಾದ ಡಿಫೆಂಡರ್‌ಗಳ ಮುಖ ನೋಡಬೇಕಿತ್ತು.

ದೇಶದ ತಂಡಕ್ಕೂ ಕ್ಲಬ್ ತಂಡಕ್ಕೂ ಇರುವ ವ್ಯತ್ಯಾಸ ಗೊತ್ತಾದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಯುರೋಪಿನ ದೊಡ್ಡ ಕ್ಲಬ್ಬಿಗೆ ಒಳ್ಳೆಯ ಗೋಲ್‌ಕೀಪರ್ ಬೇಕಾದರೆ ದುಡ್ಡು ಕೊಟ್ಟು ತರುತ್ತದೆ. ದೇಶಕ್ಕೆ ಆ ದಾರಿ ಇಲ್ಲ. ನಿಮ್ಮ ಹೊಲದಲ್ಲಿ ಬೆಳೆದದ್ದನ್ನೇ ನೀವು ಉಣ್ಣಬೇಕು. ಲೈಬೀರಿಯದ ಜಾರ್ಜ್ ವೆಯಾ 1995ರಲ್ಲಿ ಬಾಲನ್ ಡಿಓರ್ ಗೆದ್ದು ಜಗತ್ತಿನ ಶ್ರೇಷ್ಠ ಆಟಗಾರ ಅನ್ನಿಸಿಕೊಂಡರು, ಮುಂದೆ ತಮ್ಮ ದೇಶದ ಅಧ್ಯಕ್ಷರೂ ಆದರು. ಆದರೆ ವಿಶ್ವಕಪ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ, ಯಾಕಂದರೆ ಉಳಿದ ಹತ್ತು ಮಂದಿ ಆ ಮಟ್ಟದವರು ಲೈಬೀರಿಯಕ್ಕೆ ಸಿಗಲಿಲ್ಲ.

ಜೊತೆಗೆ ದೇಶದ ತಂಡಗಳಿಗೆ ಅಭ್ಯಾಸಕ್ಕೆ ಸಮಯ ಕಡಿಮೆ. ಆಟಗಾರರು ವರ್ಷವಿಡೀ ಕ್ಲಬ್ಬಿನವರು, ದೇಶಕ್ಕೆ ಸಿಗುವುದು ನಡುನಡುವೆ ಕೆಲವು ದಿನ. ಕತಾರ್ ವಿಶ್ವಕಪ್‌ಗಂತೂ ಯುರೋಪಿನ ಲೀಗ್‌ಗಳು ನಿಂತದ್ದು ಒಂದು ವಾರ ಮುಂಚೆ. ಹಾಗಾಗಿ ಆಟದ ಗುಣಮಟ್ಟ ನೋಡಿದರೆ ದೊಡ್ಡ ಕ್ಲಬ್‌ಗಳೇ ಮೇಲು, ಅದನ್ನು ಮುಚ್ಚಿಡುವುದು ಬೇಡ. ಹೊಂದಾಣಿಕೆ ತಪ್ಪುತ್ತದೆ, ಪಾಸು ಎಡವುತ್ತದೆ, ತಂತ್ರವೂ ಸರಳ. ಆದರೆ ಈ ಸರಳತೆಯೇ ಆಗಾಗ ನೋಡುವವರಿಗೆ ಅನುಕೂಲ. ಯಾರು ಕಾಯುತ್ತಿದ್ದಾರೆ, ಯಾರು ನುಗ್ಗುತ್ತಿದ್ದಾರೆ, ಎಲ್ಲಿ ಬಿರುಕು ಬಿಟ್ಟಿದೆ ಅನ್ನುವುದು ಬರಿಗಣ್ಣಿಗೆ ಕಾಣುತ್ತದೆ.

ಮತ್ತೆ, ದೇಶ ಅಂದರೆ ಈಗ ಅಷ್ಟು ಸುಲಭದ ಮಾತಲ್ಲ. ಹುಟ್ಟಿದ ಊರು ಒಂದು, ಅನ್ನ ಕೊಟ್ಟ ಊರು ಇನ್ನೊಂದು ಆದವರು ಎಷ್ಟು ಜನ! 2022ರ ನವೆಂಬರ್ 24ರಂದು ಸ್ವಿಟ್ಜರ್ಲೆಂಡ್–ಕ್ಯಾಮರೂನ್ ಪಂದ್ಯ. ಸ್ವಿಟ್ಜರ್ಲೆಂಡ್ ಪರ ಆಡುತ್ತಿದ್ದ ಬ್ರೀಲ್ ಎಂಬೊಲೊ ಹುಟ್ಟಿದ್ದು ಕ್ಯಾಮರೂನ್‌ನ ಯಾವುಂಡೆಯಲ್ಲಿ. 48ನೇ ನಿಮಿಷಕ್ಕೆ ಬಲಗಡೆಯಿಂದ ಬಂದ ಪಾಸನ್ನು ಅವರು ಗೋಲಾಗಿಸಿದರು. ಅದೇ ಅವರ ಮೊದಲ ವಿಶ್ವಕಪ್ ಗೋಲು. ಹುಡುಗರು ಕನಸು ಕಾಣುವ ಗಳಿಗೆ ಅದು. ಎಂಬೊಲೊ ಓಡಲಿಲ್ಲ, ಕೂಗಲಿಲ್ಲ. ಎರಡೂ ಕೈ ಚಾಚಿ ಎತ್ತಿ ನಿಂತಲ್ಲೇ ನಿಂತರು. ಜೊತೆಗಾರರು ಬಂದು ತಬ್ಬಿಕೊಂಡರು. ಆ ಕೈಗಳನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಫುಟ್‌ಬಾಲ್ ಗೊತ್ತಿರಬೇಕಾಗಿಲ್ಲ, ತವರು ಬಿಟ್ಟು ಬಂದ ಯಾರಿಗಾದರೂ ಗೊತ್ತಾಗುತ್ತದೆ.

ಮೊರಾಕ್ಕೊದ್ದು ಇದರ ಇನ್ನೊಂದು ಮುಖ. ಆ ವಿಶ್ವಕಪ್‌ನ ಅವರ 26 ಆಟಗಾರರಲ್ಲಿ 14 ಮಂದಿ ಹುಟ್ಟಿದ್ದು ಬೇರೆ ದೇಶಗಳಲ್ಲಿ. ಕೆಲಸ ಹುಡುಕಿ ಯುರೋಪಿಗೆ ಹೋದವರ ಮಕ್ಕಳು. ಅಷ್ರಫ್ ಹಕಿಮಿ ಹುಟ್ಟಿ ಬೆಳೆದದ್ದು ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಿ. ಡಿಸೆಂಬರ್ 6ರಂದು ಮೊರಾಕ್ಕೊ ಎದುರಿಗೆ ಬಂದದ್ದು ಅದೇ ಸ್ಪೇನ್. ಎರಡು ಗಂಟೆ ಆಡಿದರೂ 0-0. ಕೊನೆಗೆ ಪೆನಾಲ್ಟಿ, ಅಂದರೆ ಗೋಲ್‌ಕೀಪರ್ ಒಬ್ಬರನ್ನೇ ಎದುರಿಗಿಟ್ಟು ಒಬ್ಬೊಬ್ಬರಾಗಿ ಹೊಡೆಯುವುದು. ಸ್ಪೇನ್‌ನ ಮೂವರ ಹೊಡೆತವೂ ಗೋಲಾಗಲಿಲ್ಲ. ಗೆಲ್ಲಿಸುವ ಹೊಡೆತ ಹಕಿಮಿಯದು. ಗೋಲ್‌ಕೀಪರ್ ಒಂದು ಕಡೆಗೆ ಹಾರುವುದನ್ನು ಕಾದು, ಹೂ ಎಸೆದ ಹಾಗೆ ಚೆಂಡನ್ನು ನಡುವಿಗೆ ಮೆಲ್ಲಗೆ ತೇಲಿಸಿಬಿಟ್ಟರು. ಮುಂದಿನ ಪಂದ್ಯದಲ್ಲಿ ಪೋರ್ಚುಗಲ್ ಕೂಡ ಸೋತಿತು. ವಿಶ್ವಕಪ್ ಸೆಮಿಫೈನಲ್ ಮುಟ್ಟಿದ ಮೊದಲ ಆಫ್ರಿಕನ್ ತಂಡ ಮೊರಾಕ್ಕೊ. ಸೋಫಿಯಾನ್ ಬೂಫಾಲ್ ತಮ್ಮ ತಾಯಿಯನ್ನು ಮೈದಾನಕ್ಕೆ ಕರೆತಂದು, ಕೈ ಹಿಡಿದು ಕುಣಿದರು. ತಲೆಗೆ ಬಟ್ಟೆ ಕಟ್ಟಿದ್ದ ಆ ತಾಯಿ ನಗುತ್ತಿದ್ದದ್ದು ನೋಡಿ ನನ್ನ ಕಣ್ಣಲ್ಲಿ ನೀರು ಬಂತು.

ನಿಯಮಗಳಲ್ಲಿ ನಿಜವಾಗಿ ತಲೆ ತಿನ್ನುವುದು ಆಫ್‌ಸೈಡ್ ಒಂದೇ. ಹೀಗೆ ನೋಡಿ. ಒಬ್ಬ ತನ್ನ ಜೊತೆಗಾರನಿಗೆ ಮುಂದಕ್ಕೆ ಪಾಸು ಕೊಡುತ್ತಾನೆ. ಚೆಂಡು ಅವನ ಕಾಲು ಬಿಟ್ಟ ಗಳಿಗೆಗೆ ಎಲ್ಲರೂ ಕಲ್ಲಾಗಿ ನಿಂತರು ಅಂದುಕೊಳ್ಳಿ. ಈಗ ಎದುರಾಳಿಯ ಗೋಲಿನ ಕಡೆಯಿಂದ ಎದುರಾಳಿಗಳನ್ನು ಎಣಿಸಿ. ಒಂದು, ಸಾಮಾನ್ಯವಾಗಿ ಗೋಲ್‌ಕೀಪರ್. ಎರಡು, ಕೊನೆಯ ಡಿಫೆಂಡರ್. ಪಾಸು ಪಡೆಯುವವನು ಚೆಂಡಿಗಿಂತಲೂ ಮುಂದೆ, ಆ ಎರಡನೆಯವನಿಗಿಂತಲೂ ಮುಂದೆ ಇದ್ದರೆ ಆಫ್‌ಸೈಡ್. ಸಮಸಮ ಇದ್ದರೆ ತೊಂದರೆ ಇಲ್ಲ. ತನ್ನ ಅರ್ಧದಲ್ಲೇ ಇದ್ದರೂ ತೊಂದರೆ ಇಲ್ಲ. ಚೆಂಡು ಬರುವ ಮೊದಲೇ ಗೋಲಿನ ಬಾಯಲ್ಲಿ ಹೋಗಿ ಕಾದು ಕೂರಬಾರದು ಅನ್ನುವುದು ಇದರ ಉದ್ದೇಶ, ಅಷ್ಟೇ.

ಇದನ್ನು ಒಂದು ಬಲೆಯಾಗಿ ಬಳಸಿದ್ದು ನೋಡಬೇಕಾದರೆ 2022ರ ನವೆಂಬರ್ 22ರ ಅರ್ಜೆಂಟಿನಾ–ಸೌದಿ ಅರೇಬಿಯ ಪಂದ್ಯ ನೋಡಿ. ಅರ್ಜೆಂಟಿನಾ ಅದಕ್ಕೆ ಮುಂಚೆ 36 ಪಂದ್ಯ ಸೋತಿರಲಿಲ್ಲ. ಸೌದಿ ಡಿಫೆಂಡರ್‌ಗಳು ತಮ್ಮ ಗೋಲಿನ ಹತ್ತಿರ ಅವಿತುಕೊಳ್ಳದೆ ಧೈರ್ಯವಾಗಿ ನಡುಮೈದಾನದ ಕಡೆಗೆ ಸರಿದು, ದಾರ ಹಿಡಿದ ಹಾಗೆ ಒಂದು ಸಾಲಿನಲ್ಲಿ ನಿಂತರು. ಪಾಸು ಹೊರಡುವ ಹೊತ್ತಿಗೆ ಸಾಲು ಒಂದು ಹೆಜ್ಜೆ ಮುಂದೆ ಬರುತ್ತಿತ್ತು, ಅರ್ಜೆಂಟಿನಾದವರು ಅದರ ಹಿಂದೆ ಸಿಕ್ಕಿಬೀಳುತ್ತಿದ್ದರು. ಮೊದಲ ಅರ್ಧದಲ್ಲೇ ಅವರ ಮೂರು ಗೋಲು ರದ್ದಾದವು, ಉಳಿದದ್ದು ಒಂದೇ. ಬೂಟಿನ ತುದಿ, ಭುಜದ ಅಂಚಿನ ಲೆಕ್ಕ. ವಿರಾಮದ ಮೇಲೆ ಸೌದಿ ಐದು ನಿಮಿಷದೊಳಗೆ ಎರಡು ಗೋಲು ಹೊಡೆದು 2-1ರಿಂದ ಗೆದ್ದಿತು. ಮರುದಿನ ಆ ದೇಶಕ್ಕೆ ರಜೆ ಕೊಟ್ಟರು. ಆ ಸಾಲು ಒಂದು ಹೆಜ್ಜೆ ತಡವಾಗಿ ಸರಿದಿದ್ದರೆ ಮೊದಲ ಅರ್ಧದಲ್ಲೇ 4-0 ಆಗುತ್ತಿತ್ತು. ಅದೇ ಅರ್ಜೆಂಟಿನಾ ಡಿಸೆಂಬರ್ 18ಕ್ಕೆ ಕಪ್ ಎತ್ತಿತು, ಸೌದಿ ಮುಂದಿನ ಎರಡೂ ಪಂದ್ಯ ಸೋತು ಮನೆಗೆ ಹೋಯಿತು ಅನ್ನುವುದೂ ಈ ಆಟದ ಗುಣವೇ.

ಹಳದಿ ಕಾರ್ಡು ಎಚ್ಚರಿಕೆ, ಕೆಂಪು ಕಾರ್ಡು ಅಂದರೆ ಹೊರಗೆ. ಅದು ಎಲ್ಲರಿಗೂ ಗೊತ್ತು. ಗುಂಪು ಹಂತ ಮುಗಿದ ಮೇಲೆ ಡ್ರಾ ಇಲ್ಲ. ಸಮವಾದರೆ ಅರ್ಧ ಗಂಟೆ ಹೆಚ್ಚುವರಿ ಆಟ, ಆಗಲೂ ಸಮವಾದರೆ ಐದೈದು ಪೆನಾಲ್ಟಿ, ಆಮೇಲೂ ಸಮವಾದರೆ ಒಂದೊಂದರಂತೆ, ಒಬ್ಬರು ತಪ್ಪುವವರೆಗೆ.

ಹಾಗಾದರೆ ನಮ್ಮ ದೇಶ ಇಲ್ಲದಾಗ ಯಾರ ಕಡೆ ನಿಲ್ಲುವುದು? ಭಾರತಕ್ಕೆ 1950ರಲ್ಲಿ ಬ್ರೆಜಿಲ್‌ಗೆ ಹೋಗುವ ಅವಕಾಶ ಸಿಕ್ಕಿತ್ತು, ಹೋಗಲಿಲ್ಲ. ಅದಕ್ಕೆ ಎರಡು ವರ್ಷ ಮುಂಚೆ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಬೆಂಗಳೂರಿನ ಹಲಸೂರು, ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಗಳಲ್ಲಿ ಈ ಆಟಕ್ಕೆ ಇವತ್ತಿಗೂ ಬೇರು ಇದೆ. ಗೌತಮಪುರದಲ್ಲಿ ಪೆಲೆ ಅವರ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಪಕ್ಕದ ಕೇರಳದ ಪುಳ್ಳಾವೂರಿನಲ್ಲಿ 2022ರಲ್ಲಿ ಹೊಳೆಯ ಬಳಿ ಮೆಸ್ಸಿ, ನೇಮರ್, ರೊನಾಲ್ಡೊ ಕಟೌಟ್ ಎದ್ದಿದ್ದವು. ಅವನ್ನು ನಿಲ್ಲಿಸಿದವರಾರಿಗೂ ಆ ಆಟಗಾರರ ದೇಶಗಳ ಜೊತೆ ನಂಟಿಲ್ಲ. ಆಯ್ದುಕೊಂಡ ಪ್ರೀತಿ ಅದು.

ನನ್ನ ಸಲಹೆ ಕೇಳಿದರೆ, ಕಪ್ ಗೆಲ್ಲುವವರನ್ನು ಹುಡುಕಬೇಡಿ. ಚಿಕ್ಕ ದೇಶವೊಂದನ್ನು ಆರಿಸಿಕೊಳ್ಳಿ. 2018ರಲ್ಲಿ ಫೈನಲ್ ಮುಟ್ಟಿದ ಕ್ರೊಯೇಷ್ಯದ ಜನಸಂಖ್ಯೆ ಸುಮಾರು 40 ಲಕ್ಷ. 2026ಕ್ಕೆ ಅರ್ಹತೆ ಪಡೆದ ಕುರಸಾವ್ ದ್ವೀಪದಲ್ಲಿ ಇರುವುದು ಸುಮಾರು ಒಂದೂವರೆ ಲಕ್ಷ ಜನ, ನಮ್ಮ ಎಷ್ಟೋ ತಾಲ್ಲೂಕುಗಳಲ್ಲಿ ಅದಕ್ಕಿಂತ ಜಾಸ್ತಿ ಇದ್ದಾರೆ. 2026ರಿಂದ ತಂಡಗಳ ಸಂಖ್ಯೆ 48. ಪ್ರತಿ ಗುಂಪಿನ ಮೊದಲಿಬ್ಬರ ಜೊತೆಗೆ ಮೂರನೇ ಜಾಗದಲ್ಲಿದ್ದ ಎಂಟು ಒಳ್ಳೆಯ ತಂಡಗಳಿಗೂ ದಾರಿ ಇದೆ. ಚಿಕ್ಕವರಿಗೆ ಬಾಗಿಲು ತೆರೆದದ್ದು ನನಗೆ ಖುಷಿ. ಆದರೆ ಮೂರನೆಯವರಿಗೂ ಅವಕಾಶ ಕೊಟ್ಟರೆ ಕೊನೆಯ ದಿನದ ಆ ಉಸಿರು ಬಿಗಿಹಿಡಿಯುವ ಲೆಕ್ಕ ಸಡಿಲವಾಗುತ್ತದೆ. ಒಬ್ಬರು ಹೊರಗೆ ಹೋಗುವ ಭಯ ಇದ್ದರೇ ಒಳಗಿರುವವರ ಬೆಲೆ.

ಎಲ್ಲ ಪಂದ್ಯ ನೋಡುವುದೂ ಬೇಡ. ಅದರಲ್ಲೂ ಅಮೆರಿಕದ ಕಡೆ ನಡೆಯುವ ಪಂದ್ಯಗಳು ನಮಗೆ ನಡುರಾತ್ರಿ, ಬೆಳಗಿನ ಜಾವ. ನಿದ್ದೆ ಕೆಡುವುದಾದರೆ ಗುಂಪಿನ ಮೂರನೇ ಸುತ್ತಿಗೆ ಕೆಡಿ. ಪಕ್ಕದಲ್ಲಿ ಒಂದು ಹಾಳೆ, ಪೆನ್ನು ಇಟ್ಟುಕೊಳ್ಳಿ. ಬರೀ ಚೆಂಡಿನ ಹಿಂದೆ ಕಣ್ಣು ಓಡಿಸದೆ ಆಗಾಗ ಚೆಂಡಿಲ್ಲದ ಕಡೆಯೂ ನೋಡಿ, ಡಿಫೆಂಡರ್‌ಗಳ ಸಾಲು ಹೇಗೆ ಸರಿಯುತ್ತಿದೆ ಅಂತ.

2023ರ ಜುಲೈ 4ರ ಸಂಜೆ ನಾನು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿದ್ದೆ. ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್, ಭಾರತ–ಕುವೈತ್. ಒಂದು ವಾರದ ಹಿಂದೆ ಇದೇ ಎರಡು ತಂಡಗಳ ಗುಂಪು ಪಂದ್ಯ 1-1ರಲ್ಲಿ ಮುಗಿದಿತ್ತು. ಫೈನಲ್‌ನಲ್ಲಿ ಕುವೈತ್ ಮೊದಲು ಗೋಲು ಹೊಡೆಯಿತು, ನಮ್ಮ ಛಾಂಗ್ಟೆ ಸಮ ಮಾಡಿದರು, ಮತ್ತೆ 1-1. ತೊಂಬತ್ತು ನಿಮಿಷ ಮುಗಿಯುತ್ತಾ ಬಂದಾಗ ಜೇಬಿನಲ್ಲಿ ಫೋನ್ ನಡುಗಿತು. ಚಿಕ್ಕಮ್ಮ, ಊರಿನಿಂದ.

"ಹೋದ ವಾರದ್ದು ಡ್ರಾ ಅಂತ ಬಿಟ್ರಲ್ಲ, ಇವತ್ತು ಬಿಡಲ್ಲ ಅಲ್ವಾ? ಇದು ಫೈನಲ್ಲು."

"ಬಿಡಲ್ಲ ಚಿಕ್ಕಮ್ಮ. ಇನ್ನೂ ಅರ್ಧ ಗಂಟೆ ಆಡಿಸ್ತಾರೆ."

"ಅದೂ ಆಗ್ಲಿಲ್ಲ ಅಂದ್ರೆ ಪೆನಾಲ್ಟಿ. ಗೊತ್ತು ಬಿಡು, ಇಡ್ತೀನಿ."

ಅರ್ಧ ಗಂಟೆಯೂ ಮುಗಿಯಿತು, ಪೆನಾಲ್ಟಿಗೇ ಬಂತು. ಐದೈದು ಹೊಡೆತದ ಮೇಲೂ ಸಮ. ಆರನೆಯದನ್ನು ಮಹೇಶ್ ಸಿಂಗ್ ಗೋಲಾಗಿಸಿದರು. ಕುವೈತ್ ನಾಯಕ ಚೆಂಡು ಇಟ್ಟು ಹಿಂದೆ ಸರಿದರು. ಇಡೀ ಕಂಠೀರವ ಎದ್ದು ನಿಂತಿತ್ತು. ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಹಾರಿದರು, ಚೆಂಡು ಅವರ ಕೈಗೆ ಬಡಿದು ಆಚೆ ಹೋಯಿತು. ಗದ್ದಲದಲ್ಲಿ ಫೋನ್ ಕೇಳಿಸಲೇ ಇಲ್ಲ. ಹೊರಗೆ ಬಂದು ನೋಡಿದರೆ ಚಿಕ್ಕಮ್ಮನ ನಾಲ್ಕು ಮಿಸ್ಡ್ ಕಾಲ್.